ತೊಗಲುಗೊಂಬೆಯ ಮೊಣಕೈ ಹಿಡಿದು ಜಿಎಎಫ್‌ಎಕ್ಸ್‌ಗೆ

ಕೊಪ್ಪಳದಲ್ಲಿ ಚಿತ್ರಕಲೆ ಕಲಿತವರ ಮುಂದಿರುವ ದಾರಿಗಳು ಎಲ್ಲರಿಗೂ ಗೊತ್ತಿರುವಂಥವೇ. ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕರ ಹುದ್ದೆಗೆ ಅರ್ಜಿ ಕರೆಯುವುದನ್ನು ಕಾಯಬೇಕು, ಇಲ್ಲವೇ ಫ್ಲೆಕ್ಸ್ ಅಂಗಡಿಯಲ್ಲಿ ಕುಳಿತು ಹುಟ್ಟುಹಬ್ಬದ ಬ್ಯಾನರು ಮಾಡಬೇಕು, ಅದೂ ಬೇಡವೆಂದರೆ ಸರ್ಕಾರಿ ಕಚೇರಿಗಳ ಕಾಂಪೌಂಡಿಗೆ ಬಣ್ಣ ಬಳಿಯುವ ಗುತ್ತಿಗೆದಾರರ ಹಿಂದೆ ಹೋಗಬೇಕು. ಗೇಮ್ ಮತ್ತು ಅನಿಮೇಷನ್ ಎಂಬ ಹೆಸರುಗಳು ನಮ್ಮ ದೃಶ್ಯಕಲಾ ತರಗತಿಯಲ್ಲಿ ಆಗಾಗ ಕೇಳಿಬರುತ್ತಿದ್ದವಾದರೂ ಆ ಉದ್ಯಮದಲ್ಲಿ ಸಂಬಳ ಎಣಿಸುವ ಒಬ್ಬರನ್ನೂ ನಾನು ಎದುರುಬದುರು ಕಂಡಿರಲಿಲ್ಲ. ಅಲ್ಲಿ ಕೆಲಸ ಕೇಳಬೇಕೆಂದರೂ ಯಾವ ಕೆಲಸವೆಂದು ಕೇಳುವುದು? ಕೊನೆಯ ವರ್ಷದ ಪದವಿಯಲ್ಲಿದ್ದಾಗ ಬೆಂಗಳೂರಿನ ಜಿಎಎಫ್‌ಎಕ್ಸ್ ಎಂಬ ಗೇಮ್ ಮತ್ತು ಅನಿಮೇಷನ್ ಉತ್ಸವಕ್ಕೆ ಹೋಗಬೇಕೆಂದು ನಿಶ್ಚಯಿಸಿದ್ದು ಮುಖ್ಯವಾಗಿ ಈ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೆ.

ಈ ಉತ್ಸವವನ್ನು ರಾಜ್ಯ ಸರ್ಕಾರದ ಮಾಹಿತಿ ತಂತ್ರಜ್ಞಾನ ಇಲಾಖೆಯೂ ಬೆಂಗಳೂರಿನ ಅನಿಮೇಷನ್ ಉದ್ಯಮದವರ ಸಂಘವಾದ ಎಬಿಎಐಯೂ ಸೇರಿ ನಡೆಸುತ್ತವೆ. ಅನಿಮೇಷನ್, ದೃಶ್ಯ ಪರಿಣಾಮ, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಕ್ಕೆಂದೇ ದೇಶದಲ್ಲಿ ಮೊದಲು ನೀತಿ ರೂಪಿಸಿದ ರಾಜ್ಯ ನಮ್ಮದು, ಅದು 2012ರಲ್ಲಿ. ಈಗ ಜಾರಿಯಲ್ಲಿರುವುದು 2024ರಿಂದ 2029ರವರೆಗಿನ ಹೊಸ ನೀತಿ. ಇದನ್ನೆಲ್ಲ ಓದಿದಾಗ ಸಂತೋಷವಾಯಿತಾದರೂ ಸ್ಟುಡಿಯೊಗಳೆಲ್ಲ ಹೆಚ್ಚುಕಡಿಮೆ ಬೆಂಗಳೂರಿನಲ್ಲೇ ಇವೆ ಎಂಬುದು ನೀತಿಯಿಂದ ಬದಲಾಗಿಲ್ಲ. 2025ರ ಉತ್ಸವ ಫೆಬ್ರುವರಿ 27ರಿಂದ ಮಾರ್ಚ್ 1ರವರೆಗೆ ಕುಮಾರಕೃಪಾ ರಸ್ತೆಯ ಲಲಿತ್ ಅಶೋಕ್ ಹೋಟೆಲಿನಲ್ಲಿತ್ತು. ಚಿತ್ರಕಲಾ ಪರಿಷತ್ತು ಇರುವುದೂ ಇದೇ ರಸ್ತೆಯಲ್ಲಿ. ಆದ್ದರಿಂದ ಚಿತ್ರಸಂತೆಗೆ ಹೋಗಿಬಂದ ನಮ್ಮ ಕಡೆಯ ಕಲಾ ವಿದ್ಯಾರ್ಥಿಗಳಿಗೆ ಈ ಜಾಗ ಅಪರಿಚಿತವೇನಲ್ಲ.

ಏನನ್ನು ಒಯ್ಯಬೇಕೆಂಬುದನ್ನು ತೀರ್ಮಾನಿಸಲು ಹಿಡಿದ ಸಮಯ ಉಳಿದೆಲ್ಲ ಸಿದ್ಧತೆಗಿಂತ ಹೆಚ್ಚು. ನಾಲ್ಕು ವರ್ಷದ ಕೆಲಸದಲ್ಲಿ ಹಂಪಿಯ ಕಲ್ಲಿನ ರಥವಿತ್ತು, ಆನೆಗೊಂದಿಯ ಬಂಡೆಗಳಿದ್ದವು, ಇಟಗಿಯ ಮಹಾದೇವ ದೇವಾಲಯದ ಕಂಬಗಳಿದ್ದವು, ಸಂತೆಯಲ್ಲಿ ಕೂತು ಗೀಚಿದ ಮುಖಗಳಿದ್ದವು. ಕಲ್ಲಿನ ರಥವನ್ನು ಬಿಡುವುದು ಕಷ್ಟವೇನೂ ಆಗಲಿಲ್ಲ, ಏಕೆಂದರೆ ನಮ್ಮ ಭಾಗದ ಪ್ರತಿಯೊಬ್ಬ ಕಲಾ ವಿದ್ಯಾರ್ಥಿಯ ಕಡತದಲ್ಲೂ ಅದು ಇದ್ದೇ ಇರುತ್ತದೆ. ನೋಡುವವರು ರಥವನ್ನು ಮೆಚ್ಚುತ್ತಾರೆಯೇ ಹೊರತು ಬಿಡಿಸಿದವರನ್ನಲ್ಲ. ಸಂತೆಯ ಮುಖಗಳಲ್ಲಿ ಕೆಲವನ್ನು ಉಳಿಸಿಕೊಂಡೆ. ಮುಖ್ಯವಾಗಿ ಒಯ್ಯಬೇಕೆಂದು ಆರಿಸಿದ್ದು ಒಂದು ಸಣ್ಣ ಚಲನಚಿತ್ರ. ಒಂದು ನಿಮಿಷಕ್ಕೂ ಕಡಿಮೆ ಅವಧಿಯದು.

ಅದರಲ್ಲಿದ್ದುದು ಒಂದೇ ಒಂದು ತೊಗಲುಗೊಂಬೆ. ನಮ್ಮ ಜಿಲ್ಲೆಯಲ್ಲಿ ಈ ಆಟ ಆಡುವವರು ಇನ್ನೂ ಇದ್ದಾರೆ. ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರ ಜನವರಿಯಲ್ಲಿ ಪದ್ಮಶ್ರೀ ಪ್ರಕಟವಾದ ಮೇಲೆ ಪತ್ರಿಕೆಯವರೆಲ್ಲ ಈ ಕಡೆ ತಿರುಗಿದರು. ನಾನು ಅದಕ್ಕೂ ಮೊದಲೇ, ದಸರಾ ರಜೆಯಲ್ಲಿ, ಬೇರೊಂದು ಮೇಳದವರ ಮನೆಗೆ ಹೋಗಿ ಅವರ ಅನುಮತಿ ಪಡೆದು ಒಂದು ಹಳೆಯ ಗೊಂಬೆಯನ್ನು ಹಿಂದಿನಿಂದ ದೀಪ ಹಿಡಿದು ಫೋಟೊ ತೆಗೆದುಕೊಂಡಿದ್ದೆ. ಗೊಂಬೆಯ ತೋಳು ಎರಡು ತುಂಡುಗಳದ್ದು. ಮೊಣಕೈ ಬರುವಲ್ಲಿ ಎರಡಕ್ಕೂ ತೂತು ಹೊಡೆದು ದಾರ ಪೋಣಿಸಿ ಎರಡೂ ಬದಿಗೆ ಗಂಟು ಹಾಕಿರುತ್ತಾರೆ. ವರ್ಷಗಟ್ಟಲೆ ಆಡಿಸಿದ ಗೊಂಬೆಯಲ್ಲಿ ಆ ತೂತು ಸವೆದು ದಾರಕ್ಕಿಂತ ಅಗಲವಾಗುತ್ತದೆ. ಕೋಲನ್ನು ಎತ್ತಿದಾಗ ಮೇಲ್ದೋಳು ಮೊದಲು ಏಳುತ್ತದೆ, ಮುಂಗೈ ಒಂದು ಕ್ಷಣ ಅಲ್ಲೇ ತೂಗಾಡಿ, ಗಂಟು ತೂತಿನ ಅಂಚಿಗೆ ತಗುಲಿದ ಮೇಲೆ ಹಿಂದೆ ಬರುತ್ತದೆ. ಇದನ್ನು ರಿಪೇರಿ ಮಾಡುವುದಿಲ್ಲವೇ ಎಂದು ಕೇಳಿದ್ದಕ್ಕೆ ಮೇಳದ ಹಿರಿಯರು ನಕ್ಕು, "ತೂತು ಅಗಲ ಆದಂಗೆಲ್ಲಾ ಕೈ ಚೆಂದ ಆಡ್ತದವ್ವಾ. ಹೊಸಾ ಗೊಂಬಿ ಹೇಳಿದ ಮಾತು ಕೇಳಂಗಿಲ್ಲ" ಅಂದಿದ್ದರು.

ಕಂಪ್ಯೂಟರಿನಲ್ಲಿ ಈ ಸಡಿಲು ತಾನಾಗಿ ಬರುವುದಿಲ್ಲ. ಫೋಟೊದಿಂದ ತಲೆ, ಮೇಲ್ದೋಳು, ಮುಂಗೈಗಳನ್ನು ಚಿತ್ರ ಬಿಡಿಸುವ ಸಾಫ್ಟ್‌ವೇರಾದ ಕ್ರಿಟಾದಲ್ಲಿ ಬೇರೆಬೇರೆಯಾಗಿ ಕತ್ತರಿಸಿ, ಅನಿಮೇಷನ್ ಮಾಡುವ ಬ್ಲೆಂಡರಿನಲ್ಲಿ ತುಂಡುಗಳನ್ನು ಆಡಿಸುವ ಮೂಳೆಗಳನ್ನು ಜೋಡಿಸಿದರೆ ಕೀಲು ಒಂದೇ ಬಿಂದುವಿನ ಮೇಲೆ ಕರಾರುವಾಕ್ಕಾಗಿ ತಿರುಗುತ್ತದೆ, ನೋಡಲು ಗೋಡೆ ಗಡಿಯಾರದ ಮುಳ್ಳಿನಂತಿರುತ್ತದೆ. ನಾನು ಮೊಣಕೈಯಲ್ಲಿ ಎರಡು ಬಿಂದುಗಳನ್ನು ಇಟ್ಟು, ಒಂದರಿಂದ ಇನ್ನೊಂದಕ್ಕೆ ಮುಂಗೈ ಜಾರುವಷ್ಟು ಜಾಗ ಬಿಟ್ಟೆ. ಸೆಕೆಂಡಿಗೆ 24 ಫ್ರೇಮಿನ ಚಿತ್ರದಲ್ಲಿ ಪ್ರತಿಯೊಂದು ಭಂಗಿಯನ್ನೂ ಎರಡು ಫ್ರೇಮು ಹಿಡಿದಿಟ್ಟೆ, ಅಂದರೆ ಸೆಕೆಂಡಿಗೆ 12 ಭಂಗಿ. ಇದು ಅನಿಮೇಷನ್ ಲೋಕದ ಹಳೆಯ ರೂಢಿ, ಕೆಲಸ ಅರ್ಧಕ್ಕೆ ಇಳಿಯುತ್ತದೆ. ಗೊಂಬೆಯಾಟಕ್ಕೆ ಆ ಸಣ್ಣ ಕುಕ್ಕುವಿಕೆ ಒಪ್ಪುತ್ತದೆ ಕೂಡ. ಗೊಂಬೆ ಪರದೆಯಿಂದ ದೂರ ಸರಿದಾಗ ನೆರಳಿನ ಅಂಚು ಮಸುಕಾಗುವುದನ್ನೂ ಸೇರಿಸಿದೆ. ಕಡತದಲ್ಲಿ ಈ ಚಿತ್ರದ ಜೊತೆಗೆ ಅದನ್ನು ಮಾಡಿದ ಬಗೆಯ ಎರಡು ಪುಟಗಳನ್ನೂ ಇಟ್ಟೆ: ಒಂದರಲ್ಲಿ ನಿಜವಾದ ಗಂಟಿನ ಹತ್ತಿರದ ಚಿತ್ರ, ಇನ್ನೊಂದರಲ್ಲಿ ಮೂಳೆಗಳ ನಕ್ಷೆ. ಸಾಫ್ಟ್‌ವೇರುಗಳು ಎರಡೂ ಉಚಿತವಾದವು, ಲ್ಯಾಪ್‌ಟಾಪು ಅಣ್ಣನದು.

ವಿಸಿಟಿಂಗ್ ಕಾರ್ಡನ್ನು ಕೊಪ್ಪಳದ ಪ್ರೆಸ್ಸಿನಲ್ಲೇ ಮಾಡಿಸಿದೆ. ಒಂದು ಬದಿಗೆ ಗೊಂಬೆಯ ಕೈ, ಇನ್ನೊಂದು ಬದಿಗೆ ಹೆಸರು, ಫೋನ್ ನಂಬರು, ಕೆಲಸ ನೋಡಲು ಕ್ಯೂಆರ್ ಕೋಡು. ಪ್ರೆಸ್ಸಿನ ಕಾಕಾ ಬೆಳಕಿಗೆ ಹಿಡಿದು ನೋಡಿ, "ಅಲ್ಲವ್ವ ತಂಗಿ, ದೇವರ ಚಿತ್ರ ಇಲ್ಲ, ಅಂಗಡಿ ಹೆಸರಿಲ್ಲ, ಇದು ಎದರ ಕಾರ್ಡು?" ಎಂದು ಕೇಳಿದರು. ನನಗೂ ಅದಕ್ಕೆ ಒಂದೇ ಮಾತಿನಲ್ಲಿ ಉತ್ತರ ಗೊತ್ತಿರಲಿಲ್ಲ, ಹಾಗಾಗಿ ಹೆಸರಿನ ಕೆಳಗೆ ಹುದ್ದೆ ಬರೆಯುವ ಜಾಗವನ್ನು ಖಾಲಿ ಬಿಡಿಸಿದೆ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವಾಗ ಬೆಂಗಳೂರು. ಉಳಿದುಕೊಳ್ಳಲು ಚಿಕ್ಕಮ್ಮನ ಮನೆ ಇತ್ತು.

ಉತ್ಸವದ ಒಳಗಿನ ಭಾಷಣಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕೆಲವು ಬಹಳ ಚೆನ್ನಾಗಿದ್ದವು, ಕೆಲವು ಕಂಪನಿಯ ಜಾಹೀರಾತಿನಂತಿದ್ದವು. ನನಗೆ ಭಾಷಣಕ್ಕಿಂತ ಅದು ಮುಗಿದ ಮೇಲಿನ ಹತ್ತು ನಿಮಿಷ ಮುಖ್ಯವಾಗಿತ್ತು. ಮಾತಾಡಿದವರು ವೇದಿಕೆಯಿಂದ ಇಳಿದೊಡನೆ ಸುತ್ತ ಗುಂಪು ಕಟ್ಟುತ್ತದೆ. ಆ ಗುಂಪಿನಲ್ಲಿ ನಿಂತು ಬೇರೆಯವರು ಕೇಳುವ ಪ್ರಶ್ನೆಗಳನ್ನು ಕೇಳಿಸಿಕೊಂಡರೆ ಯಾವ ಪ್ರಶ್ನೆಗೆ ಅವರ ಮುಖ ಅರಳುತ್ತದೆ, ಯಾವುದಕ್ಕೆ ಕಣ್ಣು ಬಾಗಿಲ ಕಡೆ ಹೋಗುತ್ತದೆ ಎಂಬುದು ತಿಳಿಯುತ್ತದೆ. "ನಿಮ್ಮಲ್ಲಿ ಖಾಲಿ ಹುದ್ದೆ ಇದೆಯೇ" ಎಂಬುದು ಎರಡನೆಯ ಬಗೆಯ ಪ್ರಶ್ನೆ. "ನೀವು ತೋರಿಸಿದ ಆ ದೃಶ್ಯದಲ್ಲಿ ನೆರಳನ್ನು ಯಾರು ಮಾಡಿದ್ದು, ಲೈಟಿಂಗ್‌ನವರೋ ಕಾಂಪೋಸಿಟಿಂಗ್‌ನವರೋ" ಎಂದು (ಕಾಂಪೋಸಿಟಿಂಗ್ ಎಂದರೆ ಬೇರೆಬೇರೆ ಚಿತ್ರಪದರಗಳನ್ನು ಒಂದಾಗಿಸುವುದು) ಒಬ್ಬ ಹುಡುಗ ಕೇಳಿದಾಗ ಹಿರಿಯರೊಬ್ಬರು ಕೈಯಲ್ಲಿದ್ದ ಕಾಫಿಯನ್ನು ಪಕ್ಕಕ್ಕಿಟ್ಟು ವಿವರಿಸತೊಡಗಿದರು.

ಸ್ಟಾಲುಗಳಲ್ಲಿ ಎರಡು ಬಗೆಯ ಜನ ಕೂತಿರುತ್ತಾರೆ. ನೇಮಕಾತಿ ವಿಭಾಗದವರು ಹೆಸರು, ಮಿಂಚಂಚೆ ಬರೆಸಿಕೊಂಡು, "ನಿಮ್ಮ ರೋಲ್ ಯಾವುದು?" ಎಂದು ಮೊದಲು ಕೇಳುತ್ತಾರೆ. ಚಿತ್ರ ಬರೆಯುತ್ತೇನೆ, ಅನಿಮೇಷನ್ನೂ ಮಾಡುತ್ತೇನೆ ಎಂದರೆ ಅವರ ಪಟ್ಟಿಯಲ್ಲಿ ಅದಕ್ಕೆ ಖಾನೆಯಿಲ್ಲ. ಅಲ್ಲಿ ಕಾನ್ಸೆಪ್ಟ್ ಬೇರೆ, ಮಾಡೆಲಿಂಗ್ ಬೇರೆ, ಟೆಕ್ಸ್ಚರಿಂಗ್, ಮೂಳೆ ಜೋಡಿಸುವ ರಿಗ್ಗಿಂಗ್, ಅನಿಮೇಷನ್, ಲೈಟಿಂಗ್ ಎಲ್ಲವೂ ಬೇರೆಬೇರೆ ಜನರ ಹೊಟ್ಟೆಪಾಡು. ಅವರ ಪಕ್ಕದಲ್ಲೇ ಕಂಪನಿಯ ಟೀ ಶರ್ಟು ತೊಟ್ಟು ತುಸು ಬೇಸರದಲ್ಲಿ ನಿಂತಿರುವವರು ಕಲಾವಿದರು. ಮಧ್ಯಾಹ್ನ ಊಟವಾದ ಮೇಲೆ, ನೂಕುನುಗ್ಗಲು ಕಡಿಮೆಯಾದಾಗ ಇವರ ಬಳಿ ಹೋಗುವುದು ಒಳ್ಳೆಯದೆಂದು ಮೊದಲ ದಿನವೇ ಕಂಡುಕೊಂಡೆ. ನಾನು ಫೋನಿನಲ್ಲಿ ಚಿತ್ರವನ್ನು ಮೊದಲೇ ತೆರೆದಿಟ್ಟುಕೊಂಡಿರುತ್ತಿದ್ದೆ. ಸಭಾಂಗಣದ ಗದ್ದಲದಲ್ಲಿ ನೆಟ್‌ವರ್ಕ್ ನಂಬಿ ಕೂರುವ ಹಾಗಿರಲಿಲ್ಲ, ಎಲ್ಲವೂ ಫೋನಿನಲ್ಲೇ ಡೌನ್‌ಲೋಡ್ ಆಗಿತ್ತು.

ಸಿನಿಮಾ ಕಡೆಯವರೂ ಗೇಮ್ ಕಡೆಯವರೂ ಅದೇ ಗೊಂಬೆಯನ್ನು ನೋಡಿ ಕೇಳಿದ ಪ್ರಶ್ನೆಗಳು ಒಂದಕ್ಕೊಂದು ಸಂಬಂಧವಿಲ್ಲದವು. ಸಿನಿಮಾದವರು ಬೆಳಕನ್ನು, ಅಂಚಿನ ಮಸುಕನ್ನು ಕೇಳಿದರು. ಮೊಬೈಲ್ ಗೇಮ್ ಮಾಡುವ ಒಂದು ಸಣ್ಣ ತಂಡದ ಕಲಾವಿದೆ ಮಾತ್ರ ಫೋನನ್ನು ಒಂದು ತೋಳಿನಷ್ಟು ದೂರ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದರು. ಹೆಬ್ಬೆರಳಿನಷ್ಟು ಚಿಕ್ಕದಾದಾಗಲೂ ಇದು ಕೈ ಎತ್ತಿದೆಯೆಂದು ಗೊತ್ತಾಗುತ್ತದೆಯೇ ಎಂಬುದು ಅವರ ಪರೀಕ್ಷೆ. ಆಮೇಲೆ, "ಇದರ ಎಲ್ಲ ತುಂಡುಗಳನ್ನೂ ಒಂದೇ ಟೆಕ್ಸ್ಚರ್ ಶೀಟಿನಲ್ಲಿ ಕೂರಿಸಿದರೆ ಎಷ್ಟು ದೊಡ್ಡದು ಬೇಕಾಗುತ್ತೆ? 1024ರಲ್ಲಿ ಆಗುತ್ತಾ, 2048 ಬೇಕಾ?" ಎಂದು ಕೇಳಿದರು. ಟೆಕ್ಸ್ಚರ್ ಶೀಟ್ ಎಂದರೆ ತುಂಡುಗಳನ್ನೆಲ್ಲ ಒಟ್ಟಿಗೆ ಜೋಡಿಸಿಟ್ಟ ಒಂದೇ ಚಿತ್ರ, ಆ ಅಂಕಿಗಳು ಅದರ ಒಂದು ಬದಿಯ ಪಿಕ್ಸೆಲ್ ಲೆಕ್ಕ. ಸೆಕೆಂಡಿಗೆ 60 ಫ್ರೇಮು ಓಡಬೇಕಾದ ಆಟದಲ್ಲಿ ಒಂದು ಫ್ರೇಮಿಗೆ ಸಿಗುವುದು ಸುಮಾರು 16.6 ಮಿಲಿಸೆಕೆಂಡು, ಅಷ್ಟರೊಳಗೆ ಯಂತ್ರ ಎಲ್ಲ ಲೆಕ್ಕವನ್ನೂ ಮುಗಿಸಿ ಚಿತ್ರವನ್ನು ಪರದೆಗೆ ತರಬೇಕು, ಆದ್ದರಿಂದ ಕಲಾವಿದರೂ ಜಾಗದ ಲೆಕ್ಕ ಇಟ್ಟುಕೊಳ್ಳಬೇಕು ಎಂದು ವಿವರಿಸಿದವರು ಅವರೇ. ಹೀಗೆ ಚಪ್ಪಟೆ ಚಿತ್ರವನ್ನು ತುಂಡು ಮಾಡಿ ಮೂಳೆ ಜೋಡಿಸಿ ಆಡಿಸುವುದೇ ತಮ್ಮ ತಂಡದಲ್ಲಿ ಒಬ್ಬರ ಪೂರ್ಣಾವಧಿ ಕೆಲಸ, ಅದಕ್ಕೆ 2ಡಿ ಗೇಮ್ ಅನಿಮೇಟರ್ ಎನ್ನುತ್ತಾರೆ, ಹೆಚ್ಚಿನವರು ಸ್ಪೈನ್ ಎಂಬ ಸಾಫ್ಟ್‌ವೇರ್ ಬಳಸುತ್ತಾರೆ ಎಂದೂ ಹೇಳಿದರು. ಆ ಸಂಜೆ ಉಳಿದಿದ್ದ ಕಾರ್ಡುಗಳ ಮೇಲಿನ ಖಾಲಿ ಜಾಗದಲ್ಲಿ ಪೆನ್ನಿನಿಂದ ಆ ಹುದ್ದೆಯನ್ನು ಬರೆಯುತ್ತ ಚಿಕ್ಕಮ್ಮನ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದೆ.

ಆದರೆ ಆ ವಾರ ಉದ್ಯಮದ ಪಾಲಿಗೆ ಸಾಧಾರಣ ವಾರವಾಗಿರಲಿಲ್ಲ. ಪ್ಯಾರಿಸ್ಸಿನಲ್ಲಿ ಕೇಂದ್ರ ಕಚೇರಿಯಿದ್ದ, ದೃಶ್ಯ ಪರಿಣಾಮ ಮತ್ತು ಅನಿಮೇಷನ್ ಮಾಡುವ ಟೆಕ್ನಿಕಲರ್ ಸಮೂಹ, ತನ್ನ ಎಂಪಿಸಿ, ದಿ ಮಿಲ್, ಮಿಕ್ರೋಸ್‌ನಂಥ ಸ್ಟುಡಿಯೊಗಳ ಸಮೇತ ಕುಸಿದು ಬಿದ್ದದ್ದು ಅದೇ ಫೆಬ್ರುವರಿಯ ಕೊನೆಯಲ್ಲಿ. ಬೆಂಗಳೂರು ಮತ್ತು ಮುಂಬಯಿಯಲ್ಲಿ ಅದಕ್ಕೆ ದೊಡ್ಡ ಕಚೇರಿಗಳಿದ್ದವು; ಸಾವಿರಾರು ಜನ ಒಮ್ಮೆಗೇ ಕೆಲಸವಿಲ್ಲದವರಾದರು. ಉತ್ಸವದ ಕಾರಿಡಾರುಗಳಲ್ಲಿ ಎಲ್ಲಿ ನಿಂತರೂ ಆ ಮಾತೇ. ರೆಸ್ಯೂಮೆ ಹಿಡಿದ ಸರತಿಯಲ್ಲಿ ನನ್ನಂಥ ವಿದ್ಯಾರ್ಥಿಗಳ ಹಿಂದೆಮುಂದೆ ಹತ್ತು ಹನ್ನೆರಡು ವರ್ಷ ದುಡಿದವರು ನಿಂತಿದ್ದರು. ಅವರನ್ನು ಬಿಟ್ಟು ನಮ್ಮನ್ನು ಯಾರು ತೆಗೆದುಕೊಳ್ಳುತ್ತಾರೆ ಎಂದು ಕಲಬುರಗಿಯಿಂದ ಬಂದಿದ್ದ ಒಬ್ಬ ಹುಡುಗಿ ಕೇಳಿದಳು. ನ್ಯಾಯವಾದ ಪ್ರಶ್ನೆ. ನನಗನಿಸಿದ್ದೇನೆಂದರೆ, ಸರತಿ ಹೇಗೂ ಮುಂದೆ ಸಾಗುತ್ತಿಲ್ಲ, ಅದರಲ್ಲಿ ನಿಂತವರ ಜೊತೆ ಮಾತಾಡಲು ಯಾರ ಅಪ್ಪಣೆಯೂ ಬೇಕಿಲ್ಲ.

ನನ್ನ ಹಿಂದೆ ನಿಂತಿದ್ದವರು ಮಂಡ್ಯದ ಕಡೆಯವರು, ನಡುವಯಸ್ಸು, ಹಿಂದಿನ ವಾರದವರೆಗೆ ದೊಡ್ಡ ಸ್ಟುಡಿಯೊ ಒಂದರಲ್ಲಿ ಅನಿಮೇಷನ್ ತಂಡ ನೋಡಿಕೊಳ್ಳುತ್ತಿದ್ದವರು. ನಾನಾಗಿ ಫೋನು ಚಾಚಿ, "ಸರ್, ಬಿಡುವಿದ್ದರೆ ಇದನ್ನೊಂದು ಸಲ ನೋಡ್ತೀರಾ?" ಎಂದೆ. ಅವರು ನೋಡಿದ್ದು ಒಂದು ಸಲವಲ್ಲ. ಬೆರಳಿನಿಂದ ಹಿಂದೆ ಮುಂದೆ ಎಳೆದು, ಕೈ ಏಳುವ ಜಾಗದಲ್ಲಿ ನಿಲ್ಲಿಸಿ, "ನೋಡಮ್ಮ, ಈ ಮೊಣಕೈ ಇಲ್ಲಿ ಕೀಲು ತಪ್ಪಿದ ಹಾಗಿದೆಯಲ್ಲ, ಇದು ಬೇಕಂತ ಮಾಡಿದ್ದೋ, ಆಗಿಹೋದದ್ದೋ?" ಎಂದು ಕೇಳಿದರು. ಗಂಟಿನ ಫೋಟೊ ಇದ್ದ ಪುಟವನ್ನು ತೆಗೆದು ತೋರಿಸಿದೆ. ಸವೆದ ತೂತನ್ನು ಅವರು ದೊಡ್ಡದು ಮಾಡಿ ನೋಡುತ್ತ ಸುಮ್ಮನೆ ನಿಂತರು. ಆಮೇಲೆ ಹೇಳಿದ್ದು ಇಷ್ಟು: ಮುಂಗೈ ತಡವಾಗಿ ಬರುವುದು ಸರಿಯಿದೆ, ಆದರೆ ಗಂಟು ಅಂಚಿಗೆ ತಗುಲಿದ ಮೇಲೆ ಮೇಲ್ದೋಳಿಗೂ ಒಂದು ಸಣ್ಣ ಪೆಟ್ಟು ಬೀಳಬೇಕು, ಅದು ಇಲ್ಲದ್ದರಿಂದ ಕೈಗೆ ತೂಕವಿಲ್ಲ, ಎರಡೇ ಫ್ರೇಮು ಮೇಲ್ದೋಳನ್ನು ಕೆಳಕ್ಕೆ ತಳ್ಳಿ ನೋಡು. ಇನ್ನೊಂದು, ಇಡೀ ಚಿತ್ರವನ್ನು ಮೊದಲು ತೋರಿಸಬೇಡ, ಕೈ ಏಳುವ ಮೂರು ಸೆಕೆಂಡನ್ನೇ ಮೊದಲಿಡು, ಏಕೆಂದರೆ ನೋಡುವವರು ಅಷ್ಟರಲ್ಲೇ ತೀರ್ಮಾನಿಸಿರುತ್ತಾರೆ.

ಮೂರು ದಿನಗಳಲ್ಲಿ ನನ್ನ ಕೆಲಸವನ್ನು ಅಷ್ಟು ನಿಧಾನವಾಗಿ ನೋಡಿದವರು ಬೇರೊಬ್ಬರಿಲ್ಲ. ಸ್ಟಾಲಿನಲ್ಲಿದ್ದವರಿಗೆ ಬಿಡುವಿರಲಿಲ್ಲ, ಕೆಲಸ ಕಳೆದುಕೊಂಡವರಿಗೆ ಬಿಡುವಿತ್ತು; ಹೀಗೆ ಬರೆಯುವುದು ಕಠೋರವಾಗಿ ಕೇಳಿಸುತ್ತದೆಂದು ಗೊತ್ತು. ಮಂಡ್ಯದ ಸರ್ ಅವರ ಬಗ್ಗೆ ವಿಚಾರಿಸಿದಾಗ ಮನೆಯ ಸಾಲದ ಕಂತಿನ ಮಾತು ಅರ್ಧ ಹೇಳಿ ನಿಲ್ಲಿಸಿದರು. ಆಮೇಲೆ ಕಲಬುರಗಿಯ ಹುಡುಗಿಯನ್ನೂ, ನೆರಳಿನ ಪ್ರಶ್ನೆ ಕೇಳಿದ್ದ ಹುಡುಗನನ್ನೂ ಕರೆದು ಪರಿಚಯಿಸಿದೆ. ಅವರು ಊಟದ ಹೊತ್ತಿನಲ್ಲಿ ಮೂವರ ಕೆಲಸವನ್ನೂ ನೋಡಿಕೊಟ್ಟರು. ಈಗಲೂ ನಮ್ಮ ನಾಲ್ವರ ವಾಟ್ಸ್‌ಆ್ಯಪ್ ಗುಂಪು ಇದೆ, ಅವರಿಗೆ ಏಪ್ರಿಲಿನಲ್ಲಿ ಹೈದರಾಬಾದಿನಲ್ಲಿ ಕೆಲಸ ಸಿಕ್ಕ ಸುದ್ದಿ ಬಂದದ್ದೂ ಅದರಲ್ಲೇ.

ಪ್ರತಿ ರಾತ್ರಿ ಮಾಡುತ್ತಿದ್ದ ಕೆಲಸವೊಂದಿತ್ತು. ಆ ದಿನ ಸಿಕ್ಕ ಕಾರ್ಡುಗಳ ಹಿಂದೆ ಯಾರು, ಎಲ್ಲಿ ಸಿಕ್ಕರು, ಏನು ಹೇಳಿದರು, ಏನು ಕಳಿಸಲು ಕೇಳಿದರು ಎಂಬುದನ್ನು ಮರೆಯುವ ಮೊದಲು ಬರೆದಿಡುವುದು. ಕೊಪ್ಪಳಕ್ಕೆ ಮರಳಿದ ಮೇಲೆ ಆ ಬರಹ ನೋಡಿಯೇ ಪತ್ರಗಳನ್ನು ಬರೆದೆ. ಎಲ್ಲರಿಗೂ ಒಂದೇ ಪತ್ರ ಕಳಿಸಲಿಲ್ಲ. ಅವರು ಆಡಿದ ಒಂದು ಮಾತನ್ನು ನೆನಪಿಸಿ, ಅದರಂತೆ ಏನು ಬದಲಿಸಿದ್ದೇನೆಂದು ಹೇಳಿ, ಬದಲಿಸಿದ ಮೂರು ಸೆಕೆಂಡಿನ ಕೊಂಡಿ ಕೊಟ್ಟು, ನಾಲ್ಕೈದು ಸಾಲಿನಲ್ಲಿ ಮುಗಿಸಿದೆ. ಮೇಲ್ದೋಳಿಗೆ ಪೆಟ್ಟು ಕೊಟ್ಟ ಮೇಲೆ ಗೊಂಬೆ ನಿಜಕ್ಕೂ ಬೇರೆಯಾಗಿತ್ತು. ಹೆಚ್ಚಿನವರು ಉತ್ತರಿಸಲಿಲ್ಲ. ಕೆಲವರು ಚೆನ್ನಾಗಿದೆ ಎಂದು ಬರೆದು ಅಲ್ಲಿಗೆ ನಿಲ್ಲಿಸಿದರು. ಕೆಲಸ ಕೊಡುವ ಮುನ್ನ ಕೈಚಳಕ ನೋಡಲೆಂದು ಒಂದು ಕಡೆಯಿಂದ ಬಂದ ಪರೀಕ್ಷೆಯಂತೂ ಸಂಬಳವಿಲ್ಲದೆ ಇಡೀ ಒಂದು ಆಟದ ಪಾತ್ರಗಳನ್ನೆಲ್ಲ ಮಾಡಿಕೊಡಿ ಎನ್ನುವಂತಿತ್ತು. ಗುಂಪಿನಲ್ಲಿ ಕೇಳಿದಾಗ ಮಂಡ್ಯದ ಸರ್, ಎರಡು ಮೂರು ದಿನಕ್ಕಿಂತ ಹೆಚ್ಚಿನ ಕೆಲಸ ಕೇಳಿದರೆ ಅದು ಪರೀಕ್ಷೆಯಲ್ಲ, ದುಡ್ಡು ಕೊಡಿ ಎಂದು ನಯವಾಗಿ ಬರೆ ಎಂದರು. ಬರೆದೆ, ಮತ್ತೆ ಸದ್ದಿಲ್ಲ.

ಮೊಬೈಲ್ ಗೇಮಿನ ಆ ಕಲಾವಿದೆಯ ತಂಡದಿಂದ ಬಂದ ಪರೀಕ್ಷೆ ಅಳತೆಯಲ್ಲಿತ್ತು: ಅವರೇ ಕೊಟ್ಟ ಒಂದು ಪಾತ್ರಕ್ಕೆ ನಿಂತ ಭಂಗಿ, ನಡಿಗೆ ಮತ್ತು ಹೊಡೆಯುವ ಚಲನೆ, ಮೂರೇ. ಸ್ಪೈನ್‌ನ ಪ್ರಾಯೋಗಿಕ ಆವೃತ್ತಿಯಲ್ಲಿ ಮಾಡಿದ ಕೆಲಸವನ್ನು ಉಳಿಸಲೂ ಆಗುವುದಿಲ್ಲ, ಹೊರತೆಗೆಯಲೂ ಆಗುವುದಿಲ್ಲ. ಖರೀದಿಸುವ ಮಾತು ಆಗ ಮನೆಯಲ್ಲಿ ಎತ್ತುವಂತಿರಲಿಲ್ಲ. ಆದ್ದರಿಂದ ಬ್ಲೆಂಡರಿನಲ್ಲಿ ಮಾಡಿ ಕಳಿಸಬಹುದೇ ಎಂದು ಮೊದಲೇ ಕೇಳಿದೆ. ಅಡ್ಡಿಯಿಲ್ಲ, ಚಲನೆ ನೋಡುವುದು ನಮಗೆ ಮುಖ್ಯ ಎಂದು ಉತ್ತರ ಬಂತು. ಮಧ್ಯಾಹ್ನ ಕರೆಂಟು ಹೋಗುವ ದಿನಗಳವು, ಹಾಗಾಗಿ ರೆಂಡರ್ ಮಾಡುವುದನ್ನೆಲ್ಲ, ಅಂದರೆ ಕಂಪ್ಯೂಟರಿನಿಂದ ಪೂರ್ತಿ ಚಿತ್ರ ಹೊರತೆಗೆಸುವುದನ್ನೆಲ್ಲ, ರಾತ್ರಿಗೆ ಇಟ್ಟುಕೊಂಡೆ. "ಏನವ್ವಾ ಇದು, ಒಂದು ಗೊಂಬಿ ನಡ್ಯಾಕ ಇಷ್ಟು ರಾತ್ರಿ ಬೇಕೇನು?" ಎಂದು ಅಪ್ಪ ಎರಡು ಬಾರಿ ಎದ್ದು ಬಂದು ನೋಡಿ ಹೋದರು.

ಉತ್ತರ ಬಂದಾಗ ಅದರ ಜೊತೆ ನನ್ನ ನಡಿಗೆಯ ಮೇಲೆ ಕೆಂಪು ಗೆರೆ ಎಳೆದ ಚಿತ್ರಗಳಿದ್ದವು. ಪಾತ್ರ ಮುಂದೆ ಸಾಗುವ ವೇಗಕ್ಕೂ ಹೆಜ್ಜೆಯ ಅಳತೆಗೂ ತಾಳೆಯಿಲ್ಲದೆ ಕಾಲು ನೆಲದ ಮೇಲೆ ಜಾರುತ್ತಿದೆ. ನಿಂತ ಭಂಗಿಯಲ್ಲಿ ಮೊದಲ ಫ್ರೇಮು ಕೊನೆಯಲ್ಲಿ ಮತ್ತೊಮ್ಮೆ ಬರುವುದರಿಂದ ಚಕ್ರ ತಿರುಗುವಾಗ ಒಂದು ತಡೆ ಕಾಣುತ್ತದೆ. ಹೊಡೆಯುವ ಚಲನೆಯಲ್ಲಿ ಕೈಯ ಹಿಂದೆಳೆತ ಚೆನ್ನಾಗಿದೆ. ಇವನ್ನು ಸರಿಪಡಿಸಿ ಕಳಿಸಿದ ಮೇಲೆ ವೀಡಿಯೊ ಕರೆಯಲ್ಲಿ ಮಾತಾಡಿಸಿದರು. ಅಲ್ಲಿಯೂ ಮೊಣಕೈಯ ಮಾತೇ ಹೆಚ್ಚು, ಅಂಕಪಟ್ಟಿಯನ್ನು ಯಾರೂ ಕೇಳಲಿಲ್ಲ.

ಸಿಕ್ಕಿರುವುದು ಆರು ತಿಂಗಳ ತರಬೇತಿ ಕೆಲಸ, ಬೆಂಗಳೂರಿನಲ್ಲಿ. ಅವರು ಕೊಡುವ ಹಣದಲ್ಲಿ ಪಿಜಿ ಬಾಡಿಗೆ ಕಟ್ಟಿದರೆ ಬಸ್ಸಿಗೂ ಊಟಕ್ಕೂ ಬಿಗಿಯಾಗುತ್ತದೆ, ಅದರ ನಂತರ ಉಳಿಸಿಕೊಳ್ಳುವ ಭರವಸೆಯನ್ನೇನೂ ಬರೆದುಕೊಟ್ಟಿಲ್ಲ. ಮನೆಯಲ್ಲಿ ಲೆಕ್ಕ ಹಾಕಿ, ಮೊದಲೆರಡು ತಿಂಗಳು ಚಿಕ್ಕಮ್ಮನ ಮನೆಯಲ್ಲೇ ಇರುವುದೆಂದು ಮಾತಾಗಿದೆ. ಕೊನೆಯ ಸೆಮಿಸ್ಟರಿನ ಪರೀಕ್ಷೆ ಮುಗಿಯುವವರೆಗೆ ಬರಲಾಗುವುದಿಲ್ಲ ಎಂದು ಬರೆದೆ. ಅದಕ್ಕೆ ಒಪ್ಪಿ, ಅಷ್ಟರೊಳಗೆ ಸ್ಪೈನ್‌ನ ಮೂಲ ಪಾಠಗಳನ್ನು ನೋಡಿಕೊಂಡಿರಲು ತಿಳಿಸಿದ್ದಾರೆ.